ಮೀನಿಗೂ ಬೇಕು ನೆಲ್ಲಿಕಾಯಿ

ಐನಾಪುರದ ಸೀಮೆಯಲ್ಲಿ ಕೃಷ್ಣೆಯ ಮೀನು ತನ್ನ ಊಟವನ್ನು ತಾನೇ ಅರಸಿಕೊಳ್ಳುತ್ತದೆ. ಹೊಂಡದಲ್ಲಿ ಕಿಕ್ಕಿರಿಸಿ ಸಾಕಿದ ಮೀನಿಗಾದರೋ ನಾವು ಹಾಕಿದ್ದೇ ಊಟ. ಕಾಟ್ಲಾ, ರೋಹುಗಳಿಗೆ ರೂಢಿಯ ಆಹಾರ ಶೇಂಗಾ ಹಿಂಡಿ, ಅಕ್ಕಿಯ ತೌಡು. ಮೈ ತುಂಬಲು ಇವು ಒಳ್ಳೆಯವೇ. ಆದರೆ ಬೆನ್ನು ನೆಟ್ಟಗಿರಲು ಸಾಲವು. ನಮ್ಮಂತೆಯೇ ಈ ಮೀನುಗಳೂ ‘ಸಿ’ ಜೀವಸತ್ತ್ವವನ್ನು ದೇಹದಲ್ಲಿ ತಯಾರಿಸಿಕೊಳ್ಳಲಾರವು. ಅದು ದೊರೆಯದಿದ್ದರೆ ಮರಿಗಳ ಬೆನ್ನೆಲುಬು ಡೊಂಕಾಗುತ್ತದೆ, ಗಾಯ ಬೇಗ ಮಾಯುವುದಿಲ್ಲ. ಗೂನುಬೆನ್ನಿನ ಮೀನನ್ನು ಸಂತೆಯಲ್ಲಿ ಕೊಳ್ಳುವವರಾರು? ಪಾಚಿ ಸಮೃದ್ಧವಾಗಿದ್ದು ಮೀನು ವಿರಳವಾಗಿರುವ ಕೆರೆಯಲ್ಲಿ ಈ ಚಿಂತೆಯಿಲ್ಲ.

1937ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಹಂಗೇರಿಯ ಸೆಂಟ್ ಗ್ಯೋರ್ಗಿಯವರು ಈ ಸತ್ತ್ವವನ್ನು ಹೇರಳವಾಗಿ ತೆಗೆದದ್ದು ತಮ್ಮ ನಾಡಿನ ಕೆಂಪು ಮೆಣಸಿನಕಾಯಿಯಿಂದ. ನಮ್ಮಲ್ಲಿ ನೆಲ್ಲಿಕಾಯಿಯಿದೆ, ಕಿತ್ತಳೆಯೂ ಅದರ ಮುಂದೆ ಬಡವಿಯೇ! ನುಗ್ಗೆಸೊಪ್ಪಿನಲ್ಲಿ ‘ಎ’ ಸತ್ತ್ವದ ಮೂಲವೂ ಉಂಟು. ಎಲೆ ಪುಕ್ಕಟೆಯೆಂದು ಬುಟ್ಟಿಗಟ್ಟಲೆ ಬೆರೆಸುವುದು ಮಾತ್ರ ಜಾಣತನವಲ್ಲ. ಅದರೊಳಗಿನ ಒಗರು ಅಂಶಗಳು ಮಿತಿಮೀರಿದರೆ ಮೀನಿನ ಬೆಳವಣಿಗೆ ಕುಗ್ಗುತ್ತದೆ.

‘ಸಿ’ ಸತ್ತ್ವ ಬಲು ಸುಕುಮಾರ. ಬೇಯಿಸಿದರೆ ಕ್ಷೀಣಿಸುತ್ತದೆ, ಬಹುಕಾಲ ಇಟ್ಟರೆ ಸೊರಗುತ್ತದೆ, ನೀರಿಗೆ ಬಿದ್ದೊಡನೆ ಕರಗತೊಡಗುತ್ತದೆ. ಆದ್ದರಿಂದ ಹಿಂಡಿಯನ್ನು ಬೇಯಿಸುವವರು ಅದು ಆರಿದ ಬಳಿಕವೇ ನೆರಳಿನಲ್ಲಿ ಒಣಗಿಸಿದ ನೆಲ್ಲಿಯ ಪುಡಿಯನ್ನು ಸೇರಿಸಿ, ತುಸು ಎಣ್ಣೆ ಸವರಿ, ಅಂದಂದಿನದನ್ನು ಅಂದಂದೇ ಹಾಕುವುದು ಲೇಸು.