ನೀವು ಯಾವ ಟೀಮು?

ಮೊನ್ನೆ ಆಫೀಸಿನ ಕ್ಯಾಂಟೀನಿನಲ್ಲಿ 'ಹಂಗರ್ ಗೇಮ್ಸ್' ಬಗ್ಗೆ ಅರ್ಧ ಗಂಟೆ ಜಗಳ. ಕ್ಯಾಟ್ನಿಸ್‌ಗೆ ಸರಿಯಾದ ಜೋಡಿ ಪೀಟಾನೋ, ಗೇಲೋ? 'ನೀನು ಯಾವ ಟೀಮು ಮಾರಾಯ?' ಅಂತ ನನ್ನನ್ನೂ ಕೇಳಿದರು. 'ನಾನು ಡಿಸ್ಟ್ರಿಕ್ಟ್ 12ರವನು' ಅಂದೆ. ಎಲ್ಲರೂ ನಕ್ಕರು. ನಾನು ಜೋಕ್ ಮಾಡಿರಲಿಲ್ಲ.

ಸುಝೇನ್ ಕಾಲಿನ್ಸ್ ಅವರ ಈ ಕಾದಂಬರಿ ಬಂದಿದ್ದು 2008ರಲ್ಲಿ. ಅದರಲ್ಲಿ ಕ್ಯಾಪಿಟಲ್ ಅನ್ನೋ ಝಗಮಗ ಊರು, ಅದನ್ನು ಸಾಕುವುದಕ್ಕೆ 12 ಜಿಲ್ಲೆಗಳು. ಕೊನೇ ಜಿಲ್ಲೆಯವರು ಕಲ್ಲಿದ್ದಲು ಅಗೆದು ಕೊಡುತ್ತಾರೆ. ಅವರ ಮನೆಗೆ ಮಾತ್ರ ಕರೆಂಟು ದಿನಕ್ಕೆ ಎರಡೋ ಮೂರೋ ಗಂಟೆ. 'ಎಂಥಾ ಕಲ್ಪನೆ!' ಅಂತೀರಿ ನೀವು. ನನಗೆ ನಮ್ಮೂರು ನೆನಪಾಯಿತು.

1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಸಾಗರ, ಹೊಸನಗರದ ಕಡೆಯ ಊರು, ಗದ್ದೆ, ತೋಟ, ದೇವಸ್ಥಾನ ನೀರೊಳಗೆ ಹೋದವು. ನಮ್ಮಜ್ಜನ ಮನೆಯೂ ಹೋಯಿತು. ಆ ನೀರಿನಿಂದ ಶರಾವತಿ ವಿದ್ಯುದಾಗಾರವೊಂದೇ 1035 ಮೆಗಾವ್ಯಾಟ್ ತೆಗೆಯಬಲ್ಲದು. ನಾನು ಹಿನ್ನೀರಿನ ದಡದಲ್ಲಿ ಚಿಮಣಿ ಬುಡ್ಡಿ ಹಚ್ಚಿಕೊಂಡು ಓದಿದೆ. ತುಮರಿಯವರಿಗೆ ಲಾಂಚ್ ಕಾಯದೆ ಸಾಗರಕ್ಕೆ ಬರುವ ಸೇತುವೆ ಸಿಕ್ಕಿದ್ದು 2025ರ ಜುಲೈನಲ್ಲಿ. ಲೆಕ್ಕ ಹಾಕಿ, 61 ವರ್ಷ. ಹಕ್ಕುಪತ್ರಕ್ಕಾಗಿ ಅಲೆದಾಟ ಇನ್ನೂ ಮುಗಿದಿಲ್ಲ.

'ಆದ್ರೂ ಅದು ಲವ್ ಸ್ಟೋರಿ ಅಲ್ವಾ?' ಹೌದು ಸ್ವಾಮಿ. ಆದರೆ ಆ ಲವ್ ಯಾರಿಗೆ ಬೇಕಾಗಿತ್ತು? ಮಕ್ಕಳು ಒಬ್ಬರನ್ನೊಬ್ಬರು ಕೊಲ್ಲುವುದನ್ನು ಟೀವಿಯಲ್ಲಿ ನೋಡುತ್ತ ಕೂತ ಕ್ಯಾಪಿಟಲ್‌ನವರಿಗೆ. ಕ್ಯಾಟ್ನಿಸ್ ಪೀಟಾನಿಗೆ ಮುತ್ತು ಕೊಟ್ಟರೆ ಮೇಲಿಂದ ಒಂದು ಪಾತ್ರೆ ಸಾರು ಇಳಿಯುತ್ತದೆ! ಪ್ರೇಮ ನೋಡುತ್ತ ಕೂತವರಿಗೆ ಹೆಣ ಕಾಣುವುದಿಲ್ಲ. ಟೀಮು ಕಟ್ಟಿಕೊಂಡು ಕಿತ್ತಾಡುವ ನಾವು ಮಾಡುತ್ತಿರುವುದೂ ಅದನ್ನೇ. ಪುಸ್ತಕ ಬೈದಿದ್ದು ನಮಗೆ, ಚಪ್ಪಾಳೆ ತಟ್ಟಿದ್ದೂ ನಾವೇ.

ನಮ್ಮ ಹಿನ್ನೀರಿನಲ್ಲೀಗ ಪ್ರೀ-ವೆಡ್ಡಿಂಗ್ ಶೂಟ್. ಬೇಸಗೆಯಲ್ಲಿ ನೀರಿಳಿದಾಗ ಏಳುವ ಒಣ ಬೊಡ್ಡೆಗಳು ಫೋಟೋಗೆ ಸಖತ್ತಾಗಿರ್ತವಂತೆ. ಅದು ಯಾರದೋ ಹಿತ್ತಿಲು ಕಣ್ರೀ.

ನಾ. ಡಿಸೋಜ ಅವರ 'ದ್ವೀಪ' ಓದಿ. ಅಥವಾ ಗಿರೀಶ್ ಕಾಸರವಳ್ಳಿ 2002ರಲ್ಲಿ ಮಾಡಿದ ಸಿನಿಮಾ ನೋಡಿ. ಅಲ್ಲೂ ಗಂಡ, ಹೆಂಡತಿ, ನಡುವೆ ಇನ್ನೊಬ್ಬ ಇದ್ದಾರೆ. ಆದರೆ ಸುತ್ತ ನೀರು ಏರುತ್ತಿದೆ, ಅದನ್ನು ಮರೆತು ಅವರ ಸಂಸಾರ ನೋಡುವುದಕ್ಕೆ ಆಗುವುದೇ ಇಲ್ಲ.

2019ರಲ್ಲಿ ಶರಾವತಿ ನೀರನ್ನು ಬೆಂಗಳೂರಿಗೆ ತರುವ ಮಾತು ಬಂದಾಗ ಶಿವಮೊಗ್ಗ ಜಿಲ್ಲೆ ಬಂದ್ ಆಗಿತ್ತು. 'ಸಮುದ್ರಕ್ಕೆ ಹೋಗಿ ವೇಸ್ಟ್ ಆಗೋ ನೀರು ತಾನೇ?' ಅಂದವರು ನಮ್ಮ ಕ್ಯಾಂಟೀನಿನಲ್ಲೇ ಇದ್ದರು. ಅವರ ಮೊಬೈಲಿನಲ್ಲಿ ಕ್ಯಾಟ್ನಿಸ್‌ಳ ವಾಲ್‌ಪೇಪರ್ ಇತ್ತು.

ನಾನೂ ಈಗ ಎಸಿಯಲ್ಲಿ ಕೂತು ಕೋಡ್ ಬರೆಯುವ ಕ್ಯಾಪಿಟಲ್‌ನವನೇ. ಸ್ವಿಚ್ ಒತ್ತಿದರೆ ಬರುವ ಬೆಳಕಿನಲ್ಲಿ ಅಜ್ಜನ ತೋಟವೂ ಇದೆ ಅಂತ ಗೊತ್ತು, ಅಷ್ಟೇ ವ್ಯತ್ಯಾಸ. ಟೀಮನ್ನು ಆಮೇಲೆ ಆರಿಸೋಣ. ಟೀವಿಯ ಯಾವ ಕಡೆ ಕೂತಿದ್ದೇವೆ ಅನ್ನುವುದನ್ನು ಮೊದಲು ಒಪ್ಪಿಕೊಳ್ಳೋಣ.