ಬುಸಾನ್‌ಗೆ ಹೋದ ನಮ್ಮ ಮನೆಮಾತು



ಕಳೆದ ಪಾಲಕರ ಸಭೆಯಲ್ಲಿ ತಾಯಿಯೊಬ್ಬರು ಎದ್ದು ನಿಂತು, ‘ಸರ, ನಾವು ಮನ್ಯಾಗ ಆಡೂ ಕನ್ನಡ ಬರೇ ಗಾಂವಟಿ ಐತ್ರಿ. ಆ ಕಡೆಯವರು ನಗತಾರ. ಹುಡುಗನ್ನ ಮರಾಠಿ ಸಾಲಿಗೆ ಹಾಕೂದು ಛಲೋ ಏನೋ’ ಎಂದರು. ನನ್ನಿಂದ ಒಡನೆ ಉತ್ತರ ಹೊರಡಲಿಲ್ಲ. ‘ಹೋಗ್ಯಾನ’ ಎಂದ ಮಗುವನ್ನು ಎಲ್ಲರೆದುರು ಗದರಿ ‘ಹೋಗಿದ್ದಾನೆ’ ಎನ್ನಿಸಿದ ಮಾಸ್ತರರಲ್ಲಿ ನಾನೂ ಒಬ್ಬ. ವರ್ಷಗಟ್ಟಲೆ ಹೀಗೆ ತಿದ್ದಿದ ಮೇಲೆ ಆ ತಾಯಿಗೆ ತನ್ನ ಮಾತಿನ ಬಗ್ಗೆ ನಾಚಿಕೆ ಬಂದದ್ದರಲ್ಲಿ ಆಶ್ಚರ್ಯವೇನು?

ಅವರಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗ ಒಂದು ಚಲನಚಿತ್ರದ ನೆವದಿಂದ ಬರೆಯುತ್ತಿದ್ದೇನೆ. ಅದರ ಹೆಸರು ‘ಶಿವಮ್ಮ’. ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲಿ ನಡೆಯುವ ಕಥೆ. ನಿರ್ದೇಶಕರು ಜೈಶಂಕರ್ ಆರ್ಯರ್. ಇದು ಅವರ ಮೊದಲ ಚಿತ್ರ. ನಿರ್ಮಾಪಕರು ರಿಷಬ್ ಶೆಟ್ಟಿ. ಕಾಸರಗೋಡಿನ ಕನ್ನಡ ಶಾಲೆಯ ಮೇಲೆ 2018ರಲ್ಲಿ ಚಿತ್ರ ಮಾಡಿ ಅತ್ಯುತ್ತಮ ಮಕ್ಕಳ ಚಿತ್ರದ ರಾಷ್ಟ್ರಪ್ರಶಸ್ತಿ ಪಡೆದವರೆಂದರೆ ನಮ್ಮ ಓದುಗರಿಗೆ ಬೇರೆ ಪರಿಚಯ ಬೇಡ.

2022ರ ಅಕ್ಟೋಬರಿನಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಚಲನಚಿತ್ರೋತ್ಸವದಲ್ಲಿ ‘ಶಿವಮ್ಮ’ನಿಗೆ ‘ನ್ಯೂ ಕರೆಂಟ್ಸ್’ ಪ್ರಶಸ್ತಿ ಬಂತು. ಏಷ್ಯಾದ ಹೊಸ ನಿರ್ದೇಶಕರ ಮೊದಲ ಅಥವಾ ಎರಡನೆಯ ಚಿತ್ರಕ್ಕೆಂದು ಆಗ ಅಲ್ಲಿ ಕೊಡುತ್ತಿದ್ದ ಪ್ರಶಸ್ತಿ ಅದು. ಆ ವರ್ಷ ಅದನ್ನು ಪಡೆದ ಚಿತ್ರಗಳು ಎರಡೇ.

ಶಿವಮ್ಮ ಯಾರು? ಸರಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ನಲವತ್ತಾರು ವರ್ಷದ ಹೆಂಗಸು. ನಮ್ಮ ಶಾಲೆಗಳಲ್ಲಿ ಖಿಚಡಿ ಮಾಡುವ ಅವ್ವನಂಥವಳೇ. ಮನೆಯ ಬಡತನ ಕಳೆದೀತೆಂದು ಶಕ್ತಿಪೇಯ ಮಾರುವ ಒಂದು ‘ನೆಟ್‌ವರ್ಕ್’ ವ್ಯಾಪಾರಕ್ಕೆ ದುಡ್ಡು ಹಾಕುತ್ತಾಳೆ. ಆ ವ್ಯಾಪಾರ ಅವಳನ್ನೂ ಮಗಳನ್ನೂ ಕಷ್ಟಕ್ಕೆ ನೂಕುತ್ತದೆ. ಆದರೆ ಚಿತ್ರ ಅವಳನ್ನು ದಡ್ಡಿಯೆಂದು ತೋರಿಸುವುದಿಲ್ಲ. ಅವಳ ಛಲವನ್ನೂ ಮೊಂಡುತನವನ್ನೂ ಹತ್ತಿರ ಕೂತು ನೋಡುತ್ತದೆ. ಪಾತ್ರಧಾರಿಗಳು ಬಹುಮಟ್ಟಿಗೆ ವೃತ್ತಿನಟರಲ್ಲ, ಆ ಸೀಮೆಯ ಜನವೇ. ಆದ್ದರಿಂದ ಅವರು ಆಡುವುದೂ ಆ ಸೀಮೆಯ ಮಾತೇ. ಜತ್ತ, ಅಕ್ಕಲಕೋಟೆಯ ನಮ್ಮ ಮನೆಗಳ ಮಾತು ಅದಕ್ಕೆ ಅಕ್ಕತಂಗಿಯಾಗಬೇಕು. ಅದನ್ನು ಯಾರೂ ‘ಶುದ್ಧ’ಗೊಳಿಸಲಿಲ್ಲ. ತೀರ್ಪುಗಾರರು ಪರದೆಯ ಕೆಳಗಿನ ಇಂಗ್ಲಿಷ್ ಸಾಲು ಓದಿಕೊಂಡು ಅದನ್ನು ನೋಡಿದರು, ಮೆಚ್ಚಿದರು.

ಇದು ಒಂದೇ ನಿದರ್ಶನವೂ ಅಲ್ಲ. ಮಂಡ್ಯದ ರೈತರೇ ನಟಿಸಿ, ಮಂಡ್ಯದ ಕನ್ನಡವನ್ನೇ ಆಡಿದ ರಾಮ್ ರೆಡ್ಡಿಯವರ ‘ತಿಥಿ’ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಹೊಸ ನಿರ್ದೇಶಕರ ವಿಭಾಗದ ಚಿನ್ನದ ಚಿರತೆ ಪಡೆಯಿತು. ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು.

ಪ್ರಶಸ್ತಿಯಿಂದ ಎಲ್ಲವೂ ಆಗುತ್ತದೆಂದು ಹೇಳಲಾರೆ. ಬುಸಾನ್‌ನಲ್ಲಿ ಗೆದ್ದ ‘ಶಿವಮ್ಮ’ ಕರ್ನಾಟಕದ ಚಿತ್ರಮಂದಿರಕ್ಕೆ ಬಂದದ್ದು 2024ರ ಜೂನ್‌ನಲ್ಲಿ. ಕೊರಿಯಾದವರು ನೋಡಿ ಇಪ್ಪತ್ತು ತಿಂಗಳಾದ ಮೇಲೆ! ಇನ್ನು ಗಡಿಯಾಚೆಯ ನಮ್ಮ ಪಾಡು ಕೇಳುವುದೇ ಬೇಡ. ಕನ್ನಡ ಚಿತ್ರಕ್ಕೆ ಪ್ರಶಸ್ತಿ ಬಂದರೆ ನಮ್ಮ ಶಾಲೆಗೆ ಒಬ್ಬ ಶಿಕ್ಷಕ ಹೆಚ್ಚಿಗೆ ಬರುವುದೂ ಇಲ್ಲ, ಪಠ್ಯಪುಸ್ತಕ ವೇಳೆಗೆ ಸಿಕ್ಕುವುದೂ ಇಲ್ಲ. ಮಕ್ಕಳ ಮುಂದಿನ ಓದು, ನೌಕರಿಯ ಬಗ್ಗೆ ತಮಗಿರುವ ಚಿಂತೆ ನಿಜವಾದದ್ದು. ಅದಕ್ಕೆ ಹೋರಾಟವೇ ಬೇರೆ. ಗ್ರಂಥಭಾಷೆಯನ್ನೂ ಮಕ್ಕಳು ಕಲಿಯಲೇಬೇಕು. ಪರೀಕ್ಷೆ ಬರೆಯುವುದು ಅದರಲ್ಲಿಯೇ. ಆದರೆ ‘ನಮ್ಮ ಮಾತೇ ಕೀಳು’ ಎಂಬ ಕಾರಣಕ್ಕೆ ಮಗುವಿನ ದಾಖಲೆ ತೆಗೆದುಕೊಂಡು ಹೋಗುವವರಿಗೆ ನನ್ನ ಒಪ್ಪಿಗೆ ಇಲ್ಲ. ಆ ಕಾರಣ ಸುಳ್ಳು. ಅದನ್ನು ಹುಟ್ಟಿಸಿದ್ದರಲ್ಲಿ ಶಿಕ್ಷಕರಾದ ನಮ್ಮ ಪಾಲೂ ಇದೆ.

ಪ್ರಸಂಗ ಬಂದಿದೆಯೆಂದು ಒಂದು ಮಾತು: ಶಿವಮ್ಮನಿಗೆ ಗಂಟುಬಿದ್ದಂಥ ವ್ಯಾಪಾರಗಳು ನಮ್ಮ ಊರುಗಳಿಗೂ ಬಂದಿವೆ. ‘ಇಬ್ಬರನ್ನು ಸೇರಿಸಿರಿ, ದುಡ್ಡು ತಾನೇ ಬರತದ’ ಎನ್ನುವವರು ಮನೆಗೆ ಬಂದರೆ ಈ ಚಿತ್ರವನ್ನು ನೆನಪಿಸಿಕೊಳ್ಳಿರಿ.

ಈ ಸಲದ ಸ್ನೇಹಸಮ್ಮೇಳನದ ನಾಟಕದಲ್ಲಿ ಮಕ್ಕಳು ತಮ್ಮ ಮನೆಮಾತಿನಲ್ಲಿಯೇ ಆಡಬೇಕೆಂದು ಶಿಕ್ಷಕರೆಲ್ಲ ಕೂಡಿ ನಿಶ್ಚಯಿಸಿದ್ದೇವೆ. ನನಗೆ ಗೊತ್ತಿಲ್ಲದ ಎಷ್ಟೋ ಮಾತು ಹಿರಿಯರ ಬಾಯಲ್ಲಿವೆ. ಶನಿವಾರ ಸಂಜೆ ತಾಲೀಮು ನಡೆಯುತ್ತದೆ. ತಾವು ಬರುವಾಗ ಅಜ್ಜಿ, ಆಯಿಯರನ್ನೂ ಕರೆದುಕೊಂಡು ಬನ್ನಿರಿ. ಸಭೆಯಲ್ಲಿ ಎದ್ದು ನಿಂತ ಆ ತಾಯಿಗೆ ನಾನೇ ಮನೆಗೆ ಹೋಗಿ ಹೇಳಿ ಬಂದಿದ್ದೇನೆ.