ಹಾರುವ ತಟ್ಟೆಗೆ ನಗುವ ನಾವು ಫಾರ್ವರ್ಡ್‌ಗೆ ಯಾಕೆ ಹೆದರುತ್ತೇವೆ?



ನಮ್ಮ ಉಮರ್ಗಾ, ನಿಲಂಗಾ, ಉದಗೀರ ಕಡೆಯ ಯುವಜನರ ಗುಂಪುಗಳಲ್ಲಿ ಈಚೆಗೆ ಹಳೆಯ ಏಲಿಯನ್ ಸಿನಿಮಾಗಳ ತುಣುಕುಗಳು ಬಹಳ ಓಡಾಡುತ್ತಿವೆ. 1950ರ ದಶಕದ ಅಮೆರಿಕದ ಚಿತ್ರಗಳು. ದಾರ ಕಟ್ಟಿ ತೂಗಿಬಿಟ್ಟ ಹಾರುವ ತಟ್ಟೆ, ಮುಟ್ಟಿದರೆ ಅಲುಗಾಡುವ ಗೋಡೆ, ರಬ್ಬರಿನ ರಾಕ್ಷಸ. ಒಬ್ಬರು ಹಾಕಿದರೆ ಇಪ್ಪತ್ತು ಜನ ನಗುವ ಎಮೋಜಿ ಒತ್ತುತ್ತಾರೆ.

ನಗಿರಿ, ಬೇಡ ಅನ್ನುವುದಿಲ್ಲ. ಆದರೆ ಒಂದು ಮಾತನ್ನು ಖಾರವಾಗಿಯೇ ಹೇಳುತ್ತೇವೆ. ನಾವು ನಗುತ್ತಿರುವುದು ಆ ಚಿತ್ರಗಳ ಬಡತನಕ್ಕೆ. ಅವುಗಳ ಸುಳ್ಳಿಗೆ ಯಾರೂ ನಗುತ್ತಿಲ್ಲ. ಅದೇ ಸುಳ್ಳು ಸಿನಿಮಾ ಎಂಬ ಹೆಸರಿಲ್ಲದೆ ವಾಟ್ಸಾಪ್‌ನಲ್ಲಿ ಬಂದರೆ ಹಿಂದೆ ಮುಂದೆ ನೋಡದೆ ನಂಬಿ ನಾಲ್ಕು ಗುಂಪಿಗೆ ಕಳಿಸುತ್ತೇವೆ.

ಬಡತನ ತಪ್ಪಲ್ಲ

ಮೊದಲು ಬಡತನದ ಮಾತು ಮುಗಿಸೋಣ. 1953ರ ‘ರೋಬೋಟ್ ಮಾನ್‌ಸ್ಟರ್’ ನಾಲ್ಕೇ ದಿನಗಳಲ್ಲಿ, ಸುಮಾರು 16 ಸಾವಿರ ಡಾಲರಿನಲ್ಲಿ ಮುಗಿದ ಚಿತ್ರ. ರೋಬೋಟಿನ ವೇಷ ಮಾಡಿಸಲು ದುಡ್ಡಿರಲಿಲ್ಲ. ಸ್ವಂತ ಗೊರಿಲ್ಲಾ ವೇಷ ಇದ್ದ ನಟನೊಬ್ಬನನ್ನು ಕರೆದು, ತಲೆಗೊಂದು ಹೆಲ್ಮೆಟ್ ಹಾಕಿ, ಭೂಮಿಯನ್ನು ನಾಶ ಮಾಡಲು ಬಂದವನು ಇವನೇ ಅಂದರು. 1951ರ ‘ದಿ ಮ್ಯಾನ್ ಫ್ರಮ್ ಪ್ಲಾನೆಟ್ ಎಕ್ಸ್’ ಆರು ದಿನದ ಕೆಲಸ. ಸಂತ ಜೋನ್ ಆಫ್ ಆರ್ಕ್ ಕುರಿತ ದೊಡ್ಡ ಚಿತ್ರವೊಂದಕ್ಕೆ ಹಾಕಿದ್ದ ಸೆಟ್ಟುಗಳನ್ನೇ ಅದಕ್ಕೆ ಬಳಸಿಕೊಂಡರು.

ಕ್ರಿಸ್ಮಸ್ ನಾಟಕಕ್ಕೆ ಅಮ್ಮನ ಸೀರೆ, ಮನೆಯ ಪರದೆ, ಥರ್ಮಾಕೋಲ್ ನಕ್ಷತ್ರ ತಂದು ಬೆತ್ಲೆಹೇಮ್ ಕಟ್ಟುವವರು ನಾವು. ನಮಗೆ ಇದರಲ್ಲಿ ನಗಲು ಏನಿದೆ? ಕೈಯಲ್ಲಿ ಕಾಸಿಲ್ಲದೆ ಆರು ದಿನದಲ್ಲಿ ಕಥೆ ಹೇಳಿ ಮುಗಿಸಿದವರಿಗೆ ಕೈಮುಗಿಯಬೇಕು. ಕೇಳಬೇಕಾದ ಪ್ರಶ್ನೆ ಬೇರೆ. ಆ ಕಥೆಗಳು ಯಾರನ್ನು ವೈರಿ ಮಾಡಿದವು?

ಬಾಂಬು ಹಾಕಿದವರ ಭಯ

ಇಸವಿಗಳನ್ನು ಸಾಲಾಗಿ ಇಟ್ಟು ನೋಡಿ. 1945ರ ಆಗಸ್ಟ್ 6ರಂದು ಹಿರೋಶಿಮಾ, 9ರಂದು ನಾಗಸಾಕಿ. 1949ರ ಆಗಸ್ಟ್‌ನಲ್ಲಿ ಸೋವಿಯತ್ ಒಕ್ಕೂಟದ ಮೊದಲ ಅಣುಬಾಂಬ್ ಪರೀಕ್ಷೆ. ಅದರ ಬೆನ್ನಿಗೇ ಅಮೆರಿಕದ ತೆರೆಯ ಮೇಲೆ ಒಂದರ ಹಿಂದೊಂದು ಹಾರುವ ತಟ್ಟೆಗಳು ಇಳಿಯತೊಡಗಿದವು. ಆಕಾಶದಿಂದ ಯಾರೋ ಬರುತ್ತಾರೆ, ಏನೂ ಅರಿಯದ ಊರನ್ನು ಸುಟ್ಟು ಹಾಕುತ್ತಾರೆ.

ನಿಜ ಜೀವನದಲ್ಲಿ ಆಕಾಶದಿಂದ ಬಂದು ಊರು ಸುಟ್ಟವರು ಯಾರು? ಅಮೆರಿಕದವರೇ. ನಾಗಸಾಕಿಯಲ್ಲಿ ಬಾಂಬು ಸಿಡಿದದ್ದು ಉರಕಾಮಿ ಮಹಾದೇವಾಲಯದ ಹತ್ತಿರ. ಆ ಧರ್ಮಕೇಂದ್ರದ ಸುಮಾರು 12 ಸಾವಿರ ಭಕ್ತರಲ್ಲಿ 8,500ರಷ್ಟು ಜನ ಸತ್ತರೆಂದು ಲೆಕ್ಕ. ಸತ್ತವರು ನಮ್ಮ ಹಾಗೆಯೇ ಜಪಸರ ಹಿಡಿದವರು. ಕೊಂದದ್ದು ತನ್ನನ್ನು ಕ್ರೈಸ್ತ ನಾಡು ಎಂದು ಕರೆದುಕೊಳ್ಳುತ್ತಿದ್ದ ದೇಶದ ಬಾಂಬು. ಹೀಗಿದ್ದೂ ಆ ದೇಶದ ಸಿನಿಮಾಗಳಲ್ಲಿ ಪೆಟ್ಟು ತಿನ್ನುವ ಪಾಪದವರು ಅಮೆರಿಕದ ಊರಿನವರು. ಮಾಡಿದವನೇ ತಾನು ಅನುಭವಿಸಿದವನಂತೆ ಕಥೆ ಹೇಳಿಕೊಂಡ.

ಎಚ್.ಜಿ. ವೆಲ್ಸ್ 1898ರಲ್ಲಿ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ ಪುಸ್ತಕ ತಂದಾಗ ಇಂಗ್ಲಿಷರಿಗೆ ಮುಖಕ್ಕೆ ಹೊಡೆದಂತೆ ಒಂದು ವಿಷಯ ನೆನಪಿಸಿದ್ದ. ಮಂಗಳ ಗ್ರಹದವರನ್ನು ಬೈಯುವ ಮುಂಚೆ, ಟಾಸ್ಮೇನಿಯಾದ ಮೂಲ ಜನರಿಗೆ ನಾವು ಯುರೋಪಿಯನ್ನರು ಏನು ಮಾಡಿದೆವು ನೋಡಿಕೊಳ್ಳೋಣ ಎಂಬುದು ಅದರ ತಾತ್ಪರ್ಯ. 1953ರಲ್ಲಿ ಹಾಲಿವುಡ್ ಅದನ್ನು ದೊಡ್ಡ ಖರ್ಚಿನಲ್ಲಿ ಚಿತ್ರ ಮಾಡಿತು. ಕಥೆ ಕ್ಯಾಲಿಫೋರ್ನಿಯಾಕ್ಕೆ ಹೋಯಿತು, ಟಾಸ್ಮೇನಿಯಾದ ಮುಳ್ಳು ಬಿದ್ದುಹೋಯಿತು. ಕೊನೆಯಲ್ಲಿ ಜನ ಚರ್ಚಿನಲ್ಲಿ ಪ್ರಾರ್ಥಿಸುತ್ತಿರುವಾಗ ವೈರಿಗಳು ರೋಗಾಣು ತಗುಲಿ ಸಾಯುತ್ತಾರೆ. ಪ್ರಾರ್ಥನೆಗೆ ನಮ್ಮ ತಕರಾರಿಲ್ಲ. ಆದರೆ ಪಶ್ಚಾತ್ತಾಪವನ್ನು ಕಿತ್ತುಹಾಕಿ ಪ್ರಾರ್ಥನೆಯನ್ನು ಮಾತ್ರ ಇಟ್ಟುಕೊಂಡರೆ ಅದು ಎಂಥ ಭಕ್ತಿ? ಅಗ್ಗದ ಚಿತ್ರಗಳಲ್ಲಿ ಹೆಚ್ಚಿನವು ಹಿಡಿದದ್ದೂ ಇದೇ ದಾರಿ.

ಭಕ್ತರ ದುಡ್ಡು

ನಮಗೆ ನೇರವಾಗಿ ಚುಚ್ಚಬೇಕಾದ ಭಾಗ ಇದು. ಜಗತ್ತಿನ ಅತಿ ಕೆಟ್ಟ ಸಿನಿಮಾ ಎಂದು ಹೆಸರಾದ ಎಡ್ ವುಡ್‌ನ ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’ಗೆ ದುಡ್ಡು ಹಾಕಿದವರು ಬ್ಯಾಪ್ಟಿಸ್ಟ್ ಸಭೆಯ ಜನ. ಇದರಿಂದ ಬಂದ ಲಾಭದಲ್ಲಿ ಧಾರ್ಮಿಕ ಚಿತ್ರ ಮಾಡಬಹುದೆಂಬ ಆಸೆ ಅವರದು. ಚಿತ್ರದ ಮೊದಲ ಹೆಸರಿನಲ್ಲಿ ಗೋರಿ ದೋಚುವವರ ಮಾತಿತ್ತು. ಅದು ಅವರಿಗೆ ಹಿಡಿಸಲಿಲ್ಲ, ಹೆಸರು ಬದಲಾಯಿತು. ತಂಡದ ಕೆಲವರು ದೀಕ್ಷಾಸ್ನಾನವನ್ನೂ ಪಡೆದರು.

ಹೆಸರಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡವರು ಕಥೆಯ ಬಗ್ಗೆ ಕೇಳಬೇಕಿತ್ತು. ಅದರಲ್ಲಿ ಅನ್ಯಗ್ರಹದವನು ಬಂದು ಹೇಳುವುದು ಇಷ್ಟೇ: ನೀವು ಬಾಂಬಿನ ಮೇಲೆ ಬಾಂಬು ಕಟ್ಟುತ್ತಿದ್ದೀರಿ, ಮುಂದೆ ಸೂರ್ಯನ ಬೆಳಕನ್ನೇ ಸಿಡಿಸುವ ಬಾಂಬು ಮಾಡಿ ಎಲ್ಲರನ್ನೂ ಸಾಯಿಸುತ್ತೀರಿ. 1950ರ ದಶಕದಲ್ಲಿ ಯಾವ ಪ್ರವಾದಿ ಬಂದಿದ್ದರೂ ಹೆಚ್ಚು ಕಡಿಮೆ ಇದನ್ನೇ ಹೇಳುತ್ತಿದ್ದ. ಹೇಳುವವನು ಬೈಗುಳದ ಭಾಷೆಯಲ್ಲೇ ಹೇಳುತ್ತಾನೆ, ಸತ್ತವರನ್ನು ಎಬ್ಬಿಸಿ ಹೆದರಿಸುತ್ತಾನೆ, ಅದೆಲ್ಲ ಸರಿ. ಆದರೆ ಮಾತಿಗೆ ಉತ್ತರ ಬೇಕಲ್ಲ? ನಾಯಕ ಕೊಡುವ ಉತ್ತರ ಒಂದು ಗುದ್ದು. ನಗುವುದಿದ್ದರೆ ಅಲ್ಲಿ ನಗಬೇಕು, ಕೊಂಚ ನಾಚಿಕೆಯಿಂದ.

ಪಕ್ಕದ ಮನೆಯವನೇ ಏಲಿಯನ್

ಈ ಚಿತ್ರಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಮಾಡಿದ್ದೂ ಎಲ್ಲಕ್ಕಿಂತ ಅಪಾಯದ್ದೂ 1956ರ ‘ಇನ್ವೇಶನ್ ಆಫ್ ದಿ ಬಾಡಿ ಸ್ನ್ಯಾಚರ್ಸ್’. ಅದರಲ್ಲಿ ತಟ್ಟೆಯೂ ಇಲ್ಲ, ರಬ್ಬರ್ ರಾಕ್ಷಸನೂ ಇಲ್ಲ. ಒಂದು ಸಣ್ಣ ಊರು. ಒಬ್ಬಳು ಬಂದು, ನನ್ನ ಚಿಕ್ಕಪ್ಪ ನನ್ನ ಚಿಕ್ಕಪ್ಪನೇ ಅಲ್ಲ ಅನ್ನುತ್ತಾಳೆ. ಮುಖ ಅದೇ, ದನಿ ಅದೇ, ಒಳಗಿರುವವನು ಬೇರೆ. ಅದು ಕಮ್ಯುನಿಸ್ಟರ ಮೇಲಿನ ಭಯ ಎಂದು ಕೆಲವರು ಓದಿದರು, ಕಮ್ಯುನಿಸ್ಟರನ್ನು ಬೇಟೆಯಾಡಿದವರ ಮೇಲಿನ ಭಯ ಎಂದು ಇನ್ನು ಕೆಲವರು. ಹೇಗೆ ಓದಿದರೂ ಮನಸ್ಸಿನಲ್ಲಿ ಉಳಿಯುವುದು ಒಂದೇ ಸಂಶಯ. ನಮ್ಮಂತೆ ಕಾಣುವವನು ನಮ್ಮವನಲ್ಲದೆ ಇರಬಹುದು.

ಅದೇ 1956ರ ನವೆಂಬರ್ 1ರಂದು ನಮ್ಮ ಅಜ್ಜ-ಅಜ್ಜಿಯರ ಮೇಲೆ ಒಂದು ಗೆರೆ ಹಾಯಿತು. ಹೈದರಾಬಾದ್ ರಾಜ್ಯ ಒಡೆಯಿತು. ಅಲ್ಲಿಯತನಕ ಬೀದರ ಜಿಲ್ಲೆಯಲ್ಲಿದ್ದ ಉದಗೀರ, ನಿಲಂಗಾ ತಾಲೂಕುಗಳು ಮುಂಬಯಿ ರಾಜ್ಯಕ್ಕೆ, ಉಳಿದ ಬೀದರದ ಬಹುಭಾಗ ಮೈಸೂರಿಗೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಬಜಾರದಲ್ಲಿ ಎರಡರ ಜೊತೆ ದಖನಿ ಆಡುವ ನಮ್ಮನ್ನು ಇಲ್ಲಿ ಕಾನಡಿ ಅನ್ನುತ್ತಾರೆ, ಗಡಿ ದಾಟಿದರೆ ಮರಾಠಿಯವರು ಅನ್ನುತ್ತಾರೆ. ಎರಡೂ ಕಡೆ ನಾವೇ ಹೊರಗಿನವರು. ಹೊರಗಿನವರನ್ನು ಕಂಡರೆ ಸಂಶಯ ಪಡುವ ಸಿನಿಮಾ ನಮಗೆ ಒಗ್ಗಬಾರದು. ಒಗ್ಗಿದೆ ಎಂಬುದೇ ನಮ್ಮ ತಕರಾರು.

ಮುರ್ಕಿಯಲ್ಲಿ ನಡೆದದ್ದು

ಉದಗೀರದಿಂದ ಗಡಿ ದಾಟಿದರೆ ಬೀದರ ಜಿಲ್ಲೆಯ ಹಳೆಯ ಔರಾದ ತಾಲೂಕು. ಅಲ್ಲಿ ಮುರ್ಕಿ ಎಂಬ ಹಳ್ಳಿ. 2018ರ ಜುಲೈ 13ರಂದು ಹೈದರಾಬಾದ್ ಕಡೆಯ ಗೆಳೆಯರ ಗುಂಪೊಂದು ಕಾರಿನಲ್ಲಿ ಆ ಭಾಗಕ್ಕೆ ಬಂದಿತ್ತು. ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ಗುಲ್ಲೆದ್ದಿತು, ಅವರ ವಿಡಿಯೋ ವಾಟ್ಸಾಪ್ ಗುಂಪುಗಳಲ್ಲಿ ಓಡಿತು. ಮುರ್ಕಿಯಲ್ಲಿ ರಸ್ತೆಗೆ ಅಡ್ಡ ಹಾಕಿ ಕಾದು ನಿಂತಿದ್ದರು. ಒಬ್ಬ ಯುವಕ ಏಟು ತಿಂದು ಸತ್ತ. ಜೊತೆಗಿದ್ದವರಿಗೂ ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಅದೇ ತಿಂಗಳ 1ರಂದು ಧುಳೆ ಜಿಲ್ಲೆಯ ರಾಯಿನಪಾಡಾದಲ್ಲಿ ಭಿಕ್ಷೆಗೆ ಹೋಗಿದ್ದ ಅಲೆಮಾರಿ ಸಮುದಾಯದ 5 ಜನರನ್ನು ಇದೇ ಸಂಶಯದ ಮೇಲೆ ಹೊಡೆದು ಕೊಂದಿದ್ದರು. ಅವರಲ್ಲಿ ಹೆಚ್ಚಿನವರು ನಮ್ಮ ನೆರೆಯ ಸೊಲ್ಲಾಪುರ ಜಿಲ್ಲೆಯವರು.

ಆ ವರ್ಷ ದೇಶದ ತುಂಬ ಹರಿದಾಡಿದ ಒಂದು ವಿಡಿಯೋ ನಿಮಗೆ ನೆನಪಿರಬಹುದು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ತೆಗೆದ, ಮಕ್ಕಳ ಸುರಕ್ಷತೆಯ ಕುರಿತ ಜಾಗೃತಿ ಚಿತ್ರ. ಕೊನೆಯಲ್ಲಿ ಅವರೇ ಮಗುವನ್ನು ವಾಪಸು ತಂದು ಬಿಟ್ಟು ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿದರು, ಅಷ್ಟೇ. ಉಳಿದದ್ದು ನಮ್ಮ ಕಾಲದ ಅತಿ ಅಗ್ಗದ ಏಲಿಯನ್ ಸಿನಿಮಾ. ಸೆಟ್ಟಿಲ್ಲ, ವೇಷವಿಲ್ಲ. ಏಲಿಯನ್ ಪಾತ್ರಕ್ಕೆ ದಾರಿಯಲ್ಲಿ ಹೋಗುವ ಯಾವ ಅಪರಿಚಿತನಾದರೂ ಸಾಕು.

ಆ ಜುಲೈ ತಿಂಗಳಲ್ಲೇ ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಿಂತ ಹೆಚ್ಚು ಕಳಿಸದಂತೆ ಮಿತಿ ಹಾಕುವುದಾಗಿ ಹೇಳಿತು. ಕಂಪನಿ ಬೆರಳಿಗೆ ಮಿತಿ ಹಾಕಬಹುದು. ಮನಸ್ಸಿಗೆ ನಾವೇ ಹಾಕಿಕೊಳ್ಳಬೇಕು.

“ಹುಷಾರಾಗಿರೋದು ತಪ್ಪಾ? ಮಕ್ಕಳು ಕಾಣೆಯಾಗೋದು ಸುಳ್ಳಾ?” ಅಂತ ಹಿರಿಯರು ಕೇಳುತ್ತಾರೆ. ಸುಳ್ಳಲ್ಲ. ಸಂಶಯ ಬಂದರೆ 112ಕ್ಕೆ ಫೋನ್ ಮಾಡಿ, ಮಗುವಿನ ವಿಷಯವಿದ್ದರೆ 1098ಕ್ಕೆ ಮಾಡಿ. ಅದು ಹುಷಾರು. ಅಪರಿಚಿತನ ಫೋಟೋ ತೆಗೆದು ಇವನೇ ಕಳ್ಳ ಎಂದು ಗುಂಪಿಗೆ ಹಾಕುವುದು ಹುಷಾರಲ್ಲ, ಅದು ತೀರ್ಪು. ಆ ತೀರ್ಪು ಕೊಡುವ ಅಧಿಕಾರ ನಮಗೆ ಯಾರೂ ಕೊಟ್ಟಿಲ್ಲ.

ಕಿಲ್ಲಾರಿ ಕಲಿಸಿದ ಪಾಠ

ನಾಶ ಹೊರಗಿನಿಂದ ಬರುತ್ತದೆ ಎಂಬ ಕಥೆಗೆ ನಮ್ಮ ನೆಲವೇ ಉತ್ತರ ಕೊಟ್ಟಿದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆ ಮುಗಿಸಿ ಜನ ಮಲಗಿದ್ದಾಗ, ಕಿಲ್ಲಾರಿ ಸುತ್ತ ಭೂಮಿ ನಡುಗಿತು. ಉಮರ್ಗಾ ಮತ್ತು ಔಸಾ ತಾಲೂಕುಗಳಿಗೆ ಎಲ್ಲಕ್ಕಿಂತ ಹೆಚ್ಚು ಪೆಟ್ಟು ಬಿತ್ತು. ಸುಮಾರು 10 ಸಾವಿರ ಜನ ಸತ್ತರು. ಕೊಂದದ್ದು ಬಹುಪಾಲು ನಾವೇ ಕಟ್ಟಿಕೊಂಡಿದ್ದ ಮನೆಗಳು: ಮಣ್ಣಿನಲ್ಲಿ ಕೂಡಿಸಿದ ದಪ್ಪ ಕಲ್ಲಿನ ಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ. ಭದ್ರ ಎಂದು ನಂಬಿದ್ದ ಗೋಡೆಯೇ ಮೈಮೇಲೆ ಬಿತ್ತು.

ಆಮೇಲೆ ಹೊರಗಿನಿಂದ ಬಂದವರು ಯಾರು? ಸೈನಿಕರು, ಡಾಕ್ಟರುಗಳು, ಬೇರೆ ರಾಜ್ಯಗಳ ಸ್ವಯಂಸೇವಕರು. ಹೆಸರು ಗೊತ್ತಿಲ್ಲದವರು, ನಮ್ಮ ಭಾಷೆ ಬಾರದವರು, ಬೇರೆ ಧರ್ಮದವರು. ಬಂದವರ ಕೈಯಲ್ಲಿ ಗುದ್ದಲಿ ಇತ್ತು, ಔಷಧ ಇತ್ತು, ರೊಟ್ಟಿ ಇತ್ತು. ಅವತ್ತು ಯಾರಾದರೂ, ಇವರು ನಮ್ಮವರಲ್ಲ, ಗಡಿಯಲ್ಲೇ ತಡೆಯಿರಿ ಅಂದಿದ್ದರೆ? ಇಂದು ಈ ಬರಹ ಓದುವ ಕೆಲವರು ಹುಟ್ಟುತ್ತಲೇ ಇರಲಿಲ್ಲ.

ಬೇರೆ ಕಥೆಗಳೂ ಇವೆ

ಅಗ್ಗದ ಚಿತ್ರವೆಲ್ಲ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಆರು ದಿನದ ಆ ‘ಪ್ಲಾನೆಟ್ ಎಕ್ಸ್’ ಚಿತ್ರದಲ್ಲಿ ಬಂದ ಸಣ್ಣ ದೇಹದ ಅತಿಥಿ ಮೊದಲಿಗೆ ಯಾರಿಗೂ ಕೇಡು ಮಾಡುವುದಿಲ್ಲ. ಲಾಭದ ಆಸೆಗೆ ಬಿದ್ದ ಒಬ್ಬ ಮನುಷ್ಯ ಅವನನ್ನು ಹಿಂಸಿಸಿದ ಮೇಲೆ ಕಥೆ ಕೆಡುತ್ತದೆ. 1958ರ ‘ದಿ ಬ್ಲಾಬ್’ ನಿರ್ದೇಶಿಸಿದವರು ಧಾರ್ಮಿಕ ಚಿತ್ರಗಳನ್ನು ಮಾಡುತ್ತಿದ್ದ ಇರ್ವಿನ್ ಯೆವರ್ತ್. ಅದರಲ್ಲಿ ದೊಡ್ಡವರು ನಂಬದಿದ್ದರೂ ಹುಡುಗ-ಹುಡುಗಿಯರು ಕಣ್ಣಾರೆ ಕಂಡದ್ದನ್ನು ಹೇಳುತ್ತಾರೆ. ಕೊನೆಗೆ ಶಾಲೆಯಿಂದ ಬೆಂಕಿ ಆರಿಸುವ ಸಿಲಿಂಡರುಗಳನ್ನು ತಂದು ಊರು ಉಳಿಸುತ್ತಾರೆ. ಕೇಳಿದ್ದನ್ನು ಹಬ್ಬಿಸುವುದಕ್ಕೂ ಕಂಡದ್ದನ್ನು ಹೇಳುವುದಕ್ಕೂ ಇರುವ ವ್ಯತ್ಯಾಸ ಅಲ್ಲಿ ಸಿಗುತ್ತದೆ.

ನಮ್ಮ ದೇಶದವರು ಈ ಕಥೆಯನ್ನು ಬೇರೆಯದೇ ರೀತಿ ಕಂಡರು. 1963ರ ತಮಿಳಿನ ‘ಕಲೈ ಅರಸಿ’ಯಲ್ಲಿ ಬೇರೆ ಗ್ರಹದವರು ಭೂಮಿಯ ಹಾಡುಗಾರ್ತಿಯನ್ನು ಹೊತ್ತೊಯ್ಯುವುದು ತಮ್ಮವರಿಗೆ ಸಂಗೀತ ಕಲಿಸಲಿ ಎಂದು. ಹೊತ್ತೊಯ್ದದ್ದು ತಪ್ಪೇ, ಆದರೆ ಕಲಿಯಲು ಬಂದ ಏಲಿಯನ್ ಎಂಬ ಕಲ್ಪನೆ ನೋಡಿ! ಸತ್ಯಜಿತ್ ರಾಯ್ 1962ರಲ್ಲಿ ಬರೆದ ಬಂಗಾಳಿ ಕಥೆಯಲ್ಲಿ ಅನ್ಯಗ್ರಹದವನು, ಊರಿನವರೆಲ್ಲ ಗೇಲಿ ಮಾಡುವ ಒಬ್ಬ ಬಡ ಮೇಷ್ಟರಿಗೆ ಗೆಳೆಯನಾಗುತ್ತಾನೆ. ಏಲಿಯನ್ ಎಂದರೆ ಸೈತಾನನ ದೂತ ಎಂದು ವಿಡಿಯೋ ಕಳಿಸುವವರಿಗೂ ಒಂದು ಮಾತು. 2008ರಲ್ಲಿ ವ್ಯಾಟಿಕನ್ ವೀಕ್ಷಣಾಲಯದ ನಿರ್ದೇಶಕರಾಗಿದ್ದ ಯೇಸುಸಭೆಯ ಗುರು ಹೋಸೆ ಫುನೆಸ್ ಅವರು, ಬೇರೆ ಲೋಕದಲ್ಲಿ ಜೀವಿಗಳಿದ್ದರೆ ಅವರೂ ದೇವರ ಸೃಷ್ಟಿಯೇ, ನಮಗೆ ಸಹೋದರರೇ ಎಂಬರ್ಥದಲ್ಲಿ ಮಾತಾಡಿದ್ದರು. ನಕ್ಷತ್ರದಾಚೆಯವನೇ ಸಹೋದರನಾಗಬಹುದಾದರೆ ಹೈದರಾಬಾದಿನಿಂದ ಕಾರಿನಲ್ಲಿ ಬಂದವನು ಏನಾಗಬೇಕು?

ಮತ್ತಾಯನ 25ನೇ ಅಧ್ಯಾಯ ನಮಗೆಲ್ಲ ಬಾಯಿಪಾಠ. ಪ್ರಭು ಅಲ್ಲಿ ತನ್ನನ್ನು ಪರದೇಶಿಯ ಜಾಗದಲ್ಲಿ ನಿಲ್ಲಿಸಿಕೊಳ್ಳುತ್ತಾನೆ. ಬಾಯಿಪಾಠ ಇದ್ದರೆ ಸಾಲದು, ಬೆರಳಿಗೂ ಬರಬೇಕು.

ಆದ್ದರಿಂದ ನಮ್ಮ ಯುವಜನರ ಗುಂಪುಗಳಿಗೆ ಮೂರು ಬೇಡಿಕೆ. ಒಂದು, ಯಾವ ಅಪರಿಚಿತನ ಫೋಟೋ, ವಿಡಿಯೋವನ್ನೂ ಕಳ್ಳ ಎಂಬ ಹಣೆಪಟ್ಟಿ ಹಚ್ಚಿ ಗುಂಪಿಗೆ ಹಾಕಬಾರದು. ಹಾಕಿದರೆ ಅಡ್ಮಿನ್ ತಕ್ಷಣ ಅಳಿಸಬೇಕು, ಹಾಕಿದವರು ಪದಾಧಿಕಾರಿಗಳಾಗಿದ್ದರೂ ಸರಿ. ಎರಡು, ಮನೆಯ ಹಿರಿಯರ ಫೋನಿಗೆ ಅಂಥದ್ದು ಬಂದರೆ ಅವರನ್ನು ಗೇಲಿ ಮಾಡದೆ ಪಕ್ಕದಲ್ಲಿ ಕೂತು, ಇದು ಎಲ್ಲಿಯದು, ಯಾವಾಗಿನದು ಎಂದು ಜೊತೆಗೇ ಹುಡುಕಿ ತೋರಿಸಬೇಕು. ಮೂರು, ಊರಿಗೆ ಬರುವ ಬಹುರೂಪಿ, ಕಂಬಳಿ ಮಾರುವವ, ಹೆಲ್ಮೆಟ್ ತೆಗೆಯದ ಡೆಲಿವರಿ ಹುಡುಗ, ಯಾರೇ ಇರಲಿ, ಮೊದಲು ನೀರು ಕೊಡಿ, ಹೆಸರು ಕೇಳಿ.

ಇಷ್ಟು ಮಾಡಿದ ಮೇಲೆ ಹಾರುವ ತಟ್ಟೆ ನೋಡಿ ಎಷ್ಟು ಬೇಕಾದರೂ ನಗೋಣ.